ವಿದೇಶ ವ್ಯಾಸಂಗವೂ ಅದರ ಫಲವೂ

(ಸೋಮವಾರಪೇಟೆಯಲ್ಲಿ ಶ್ರೀಮಠದ ಮಹೋತ್ಸವದ ಅಂಗವಾಗಿ ಜರುಗಿದ ಸಭೆಯಲ್ಲಿ ಮಾಡಿದ ಉಪನ್ಯಾಸ)



ಸೋಮವಾರಪೇಟೆಯ ಸುತ್ತಣ ಮನೆಗಳಲ್ಲಿ ಕಾಫಿಯ ಕೊಯ್ಲು ಮುಗಿದು, ಕಣದಲ್ಲಿ ಒಣಗಿದ ಬೀಜಕ್ಕೆ ಬೆಲೆಯು ಕಟ್ಟಲ್ಪಡುವ ದಿನಗಳಲ್ಲಿ ಈಗೀಗ ಒಂದು ಹೊಸ ಮಾತು ಕೇಳಿಬರುತ್ತಿರುವುದು. ಮಗನನ್ನೋ ಮಗಳನ್ನೋ ವ್ಯಾಸಂಗಕ್ಕಾಗಿ ಪರದೇಶಕ್ಕೆ ಕಳುಹಿಸಬೇಕೇ, ಬೇಡವೇ? ಕಳುಹಿಸುವುದಾದರೆ ತೋಟದ ಪತ್ರಗಳನ್ನು ಬ್ಯಾಂಕಿನಲ್ಲಿ ಒತ್ತೆಯಿಡಬೇಕೇ? ತಂದೆಯು ವೆಚ್ಚವನ್ನು ನೆನೆದು ಹಿಂಜರಿಯುವನು. ತಾಯಿಯು ದೂರವನ್ನು ನೆನೆದು ಕಣ್ಣೀರಿಡುವಳು. ಮಕ್ಕಳೋ, ಹೋದಂತೆಯೇ ಭಾವಿಸಿ ಕುಳಿತಿರುವರು. ಒಂದೊಂದು ಸಾರಿ ಆ ಮನೆಯವರು ಮಠಕ್ಕೆ ಬಂದು ಗುರುಗಳ ಮುಂದೆಯೂ ಈ ಪ್ರಶ್ನೆಯನ್ನಿಡುವುದುಂಟು. ಆದುದರಿಂದ ಮಠದ ಮಹೋತ್ಸವದ ಸಭೆಯಲ್ಲಿ ಇಂಥ ಲೌಕಿಕ ವಿಷಯವೇಕೆಂದು ಯಾರೂ ಶಂಕಿಸಬೇಕಾಗಿಲ್ಲ.

ಮೊದಲಿಗೆ ಒಂದು ಹಳೆಯ ಭೀತಿಯನ್ನು ತೀರಿಸಿಬಿಡುವುದೊಳ್ಳೆಯದು. ಸಮುದ್ರವನ್ನು ದಾಟಿದವನು ಪತಿತನಾಗುವನೆಂಬ ಭಾವನೆಯು ಈ ದೇಶದಲ್ಲಿ ಬಹುಕಾಲ ಬಲವಾಗಿತ್ತು; ಮರಳಿ ಬಂದವರು ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕಾದುದೂ ಉಂಟು. ಶರಣಮಾರ್ಗದಲ್ಲಿ ಇದಕ್ಕೆ ಆಧಾರವಿಲ್ಲ. ಲಿಂಗಧಾರಿಯ ದೇವರು ಒಂದೂರಿನ ಗುಡಿಯಲ್ಲಿ ನಿಂತಿರುವವನಲ್ಲ. ಇಷ್ಟಲಿಂಗವು ಅಂಗದ ಮೇಲಿರುವುದರಿಂದ ಭಕ್ತನು ಹೋದಲ್ಲಿಯೇ ಅವನ ಪೂಜಾಸ್ಥಾನವು. ಸೂತಕಗಳನ್ನು ಕಳೆದ ಧರ್ಮಕ್ಕೆ ಸಮುದ್ರದ ಸೂತಕವೊಂದು ಉಳಿಯಿತೆಂದರೆ ನಗೆಗೇಡು. ಅಲ್ಲದೆ, ಈ ಬೆಟ್ಟಗಳಿಗೆ ಅನ್ನವಿಕ್ಕುತ್ತಿರುವ ಕಾಫಿಯೇ ಪರದೇಶದಿಂದ ಬಂದುದು. ಬಾಬಾಬುಡನ್ ಎಂಬ ಸಂತನು ಯೆಮನ್ ದೇಶದಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದನೆಂಬ ಪ್ರತೀತಿಯನ್ನು ಮಲೆನಾಡಿನ ಮಕ್ಕಳೆಲ್ಲರೂ ಬಲ್ಲರು. ಹೊರಗಿನಿಂದ ತಂದುದು ಈ ನೆಲದಲ್ಲಿ ಬೇರೂರಿತೇ, ಇಲ್ಲವೇ ಎಂಬುದೊಂದೇ ವಿಚಾರಾರ್ಹವಾದುದು. ವಿದ್ಯೆಗೂ ಇದೇ ಮಾತು ಸಲ್ಲುವುದು.

ಕೊಡಗಿನಿಂದ ಪರದೇಶದ ಶಿಕ್ಷಣವನ್ನು ಪಡೆದವರ ಕಥೆಯು ಆರಂಭವಾಗುವುದು ಲಿಂಗವಂತ ಅರಸುಮನೆತನದಲ್ಲಿಯೇ. ಅದು ಸುಖದ ಕಥೆಯಲ್ಲ. ಹಾಲೇರಿ ವಂಶದ ಕಡೆಯ ಅರಸನಾದ ಚಿಕ್ಕವೀರರಾಜೇಂದ್ರನು 1834ರಲ್ಲಿ ರಾಜ್ಯವನ್ನು ಕಳೆದುಕೊಂಡು ಕಾಶಿಯಲ್ಲಿ ಇರಿಸಲ್ಪಟ್ಟನು. ಅಲ್ಲಿ 1841ರಲ್ಲಿ ಹುಟ್ಟಿದ ಮಗಳು ಗೌರಮ್ಮ. ಕಂಪೆನಿಯ ವಶದಲ್ಲಿದ್ದ ತನ್ನ ಹಣಕ್ಕಾಗಿ ವ್ಯಾಜ್ಯ ಹೂಡಬೇಕೆಂದೂ, ಮಗಳಿಗೆ ಆಂಗ್ಲ ಶಿಕ್ಷಣವನ್ನು ಕೊಡಿಸಬೇಕೆಂದೂ ಅರಸನು 1852ರಲ್ಲಿ ಇಂಗ್ಲೆಂಡಿಗೆ ಪಯಣಮಾಡಿದನು. ಆಗ ಆ ಬಾಲೆಗೆ ಹನ್ನೊಂದು ವರ್ಷ ವಯಸ್ಸು. ಅದೇ ವರ್ಷ ಅವಳಿಗೆ ಕ್ರೈಸ್ತ ದೀಕ್ಷೆಯಾಯಿತು. ವಿಕ್ಟೋರಿಯಾ ರಾಣಿಯು ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನೇ ಅವಳಿಗಿಟ್ಟಳು. ಬಳಿಕ ಅವಳು ಆಂಗ್ಲ ಕುಟುಂಬಗಳ ಪಾಲನೆಯಲ್ಲಿ ಬೆಳೆದಳು. ಆ ದೇಶದ ಭಾಷೆಯೂ ನಡೆನುಡಿಗಳೂ ಅವಳಿಗೆ ಬಂದವು. ಪ್ರಸಿದ್ಧ ಚಿತ್ರಕಾರನು ಅವಳ ಚಿತ್ರವನ್ನು ಬರೆದನು, ಶಿಲ್ಪಿಯು ಪ್ರತಿಮೆಯನ್ನು ಮಾಡಿದನು. ಅರಸನು 1859ರಲ್ಲಿ ಲಂಡನ್ನಿನಲ್ಲಿಯೇ ತೀರಿಕೊಂಡನು. ಗೌರಮ್ಮನು 1860ರಲ್ಲಿ ಆಂಗ್ಲ ಸೇನಾಧಿಕಾರಿಯೊಬ್ಬನನ್ನು ಮದುವೆಯಾಗಿ, ಒಂದು ಹೆಣ್ಣುಮಗುವಿನ ತಾಯಿಯಾಗಿ, 1864ರಲ್ಲಿ ಇಪ್ಪತ್ತಮೂರು ತುಂಬುವ ಮೊದಲೇ ಕ್ಷಯದಿಂದ ತೀರಿಕೊಂಡಳು. ಕೊಡಗಿನ ನೆಲವನ್ನು ಅವಳು ಕಣ್ಣಿಂದ ಕಾಣಲೇ ಇಲ್ಲ.

ಆ ಬಾಲೆಯನ್ನು ದೂಷಿಸುವುದು ಯಾರಿಗೂ ತರವಲ್ಲ; ಅವಳು ಆರಿಸಿಕೊಂಡುದು ಒಂದೂ ಇರಲಿಲ್ಲ. ಆದರೆ ಅವಳಿಗೆ ದೊರೆತ ಶಿಕ್ಷಣದಲ್ಲಿ ಏನು ಕೊರತೆಯಿತ್ತೆಂಬುದನ್ನು ತಂದೆತಾಯಿಗಳಾದವರು ನೆನೆಯಬೇಕು. ಉಡಿಗೆ, ಗೌರವ, ರಾಜಾಶ್ರಯ ಎಲ್ಲವೂ ಇದ್ದವು. ಅವಳು ತನ್ನವರಾರೆಂದು ತಿಳಿದು, ಆ ತನ್ನವರಿಗಾಗಿ ಕಲಿಯುವ ಅವಕಾಶವೊಂದು ಮಾತ್ರ ಇರಲಿಲ್ಲ. ಹಳೆಯ ಬೇರನ್ನು ಕತ್ತರಿಸುವುದೇ ಆ ಶಿಕ್ಷಣದ ಮೊದಲ ಪಾಠವಾಗಿತ್ತು.

ಅದೇ ಕೊಡಗಿನಿಂದ ಮುಂದಿನ ಶತಮಾನದಲ್ಲಿ ಹೋದವರ ರೀತಿಯೇ ಬೇರೆ. ಮಡಿಕೇರಿಯಲ್ಲಿ 1906ರಲ್ಲಿ ಜನಿಸಿದ ತಿಮ್ಮಯ್ಯನವರು ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಸೈನಿಕ ಕಾಲೇಜಿನಲ್ಲಿ ಕಲಿತು 1926ರಲ್ಲಿ ಅಧಿಕಾರಿಯಾಗಿ ಹೊರಬಂದರು. ಆಳುವವರ ಶಾಲೆಯಲ್ಲಿ ಕಲಿತ ಯುದ್ಧವಿದ್ಯೆಯನ್ನು ಸ್ವತಂತ್ರ ಭಾರತದ ಸೇವೆಗೆ ಸಲ್ಲಿಸಿದರು. ಕೊರಿಯಾದಲ್ಲಿ ಯುದ್ಧಕೈದಿಗಳನ್ನು ಹಿಂದಿರುಗಿಸುವ ಕಠಿನ ಕಾರ್ಯವನ್ನು ನಡೆಸಿಕೊಟ್ಟರು. ಇಲ್ಲಿಯ ನೆರೆಯ ಶನಿವಾರಸಂತೆಯಲ್ಲಿ 1899ರಲ್ಲಿ ಹುಟ್ಟಿದ ಕಾರ್ಯಪ್ಪನವರು 1947ರಲ್ಲಿ ಇಂಗ್ಲೆಂಡಿನ ಇಂಪೀರಿಯಲ್ ಡಿಫೆನ್ಸ್ ಕಾಲೇಜಿನಲ್ಲಿ ಅಭ್ಯಾಸಮಾಡಿ, 1949ನೆಯ ಜನವರಿ 15ರಂದು ಭಾರತದ ಭೂಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು. ಇವರ ಚರಿತ್ರೆಯು ಕೊಡಗಿನವರಿಗೆ ಮನೆಮಾತಾಗಿರುವುದರಿಂದ ಇಲ್ಲಿ ವಿಸ್ತರಿಸಬೇಕಾಗಿಲ್ಲ.

ಲಿಂಗವಂತ ಸಮಾಜದ ಮಟ್ಟಿಗೆ ಹೇಳುವುದಾದರೆ, ವಿದೇಶ ವ್ಯಾಸಂಗದ ಮಾತಿಗೆ ಮೊದಲು ವಿದ್ಯೆಗಾಗಿ ಕೈಯೆತ್ತಿ ಕೊಟ್ಟವರನ್ನು ನೆನೆಯುವುದು ಧರ್ಮ. ಧಾರವಾಡದಲ್ಲಿ 1883ರಷ್ಟು ಹಿಂದೆಯೇ ಅರಟಾಳ ರುದ್ರಗೌಡರೇ ಮೊದಲಾದವರು ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯನ್ನು ಕಟ್ಟಿದರು. ಸಿರಸಂಗಿಯ ಲಿಂಗರಾಜ ದೇಸಾಯಿಯವರು 1904ರಲ್ಲಿ ಧಾರವಾಡದಲ್ಲಿ ಕೂಡಿದ ವೀರಶೈವ ಮಹಾಸಭೆಯ ಮೊದಲ ಅಧಿವೇಶನಕ್ಕೆ ಅಧ್ಯಕ್ಷರಾಗಿದ್ದವರು. 1906ರಲ್ಲಿ ಲಿಂಗೈಕ್ಯರಾಗುವ ಮೊದಲು ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆಂದು ಬರೆದಿಟ್ಟರು. ಬೆಳಗಾವಿಯಲ್ಲಿ 1916ರಲ್ಲಿ ಏಳು ಜನ ಉಪಾಧ್ಯಾಯರು ಕೂಡಿ ಕರ್ನಾಟಕ ಲಿಂಗಾಯತ ಎಜುಕೇಶನ್ ಸೊಸೈಟಿಯನ್ನು ಆರಂಭಿಸಿದರು. 1933ರಲ್ಲಿ ಆ ಸೊಸೈಟಿಯು ತೆರೆದ ಕಾಲೇಜಿಗೆ ಲಿಂಗರಾಜರ ಹೆಸರೇ ಬಂದಿತು. ದೇಸಾಯಿಯವರ ಆಸ್ತಿಯಾಗಲಿ, ಬಡ ಉಪಾಧ್ಯಾಯರ ಸಂಬಳದ ಪಾಲಾಗಲಿ, ಎರಡೂ ದಾಸೋಹವೇ. ಹೊಲದಲ್ಲಿ ದುಡಿದವರ ತೆರಿಗೆಯೂ ಕಾಣಿಕೆಯೂ ಇಂಥ ನಿಧಿಗಳ ತಳದಲ್ಲಿದ್ದವೆಂಬುದನ್ನು ವಿದ್ಯಾವಂತರು ಒಮ್ಮೊಮ್ಮೆ ಮರೆಯುವರು.

ಇಂಥ ಕಾಲದಲ್ಲಿ ಗೋಕಾಕ ತಾಲ್ಲೂಕಿನ ಮಮದಾಪುರವೆಂಬ ಹಳ್ಳಿಯಲ್ಲಿ 1899ರಲ್ಲಿ ಹುಟ್ಟಿದವರು ದಾದಪ್ಪ ಚಿಂತಪ್ಪ ಪಾವಟೆಯವರು. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿ, ಗಣಿತವನ್ನು ಕಲಿಯಲು ಕೇಂಬ್ರಿಜ್ಜಿನ ಸಿಡ್ನಿ ಸಸೆಕ್ಸ್ ಕಾಲೇಜನ್ನು ಸೇರಿದರು. ಅಲ್ಲಿಯ ಗಣಿತದ ಟ್ರೈಪಾಸ್ ಪರೀಕ್ಷೆಯಲ್ಲಿ ಮೊದಲ ವರ್ಗದಲ್ಲಿ ತೇರ್ಗಡೆಯಾದವರಿಗೆ ‘ರ‍್ಯಾಂಗ್ಲರ್’ ಎಂಬ ಬಿರುದುಂಟು; ಪಾವಟೆಯವರು ಆ ಬಿರುದಿನೊಡನೆ ಹಿಂದಿರುಗಿದರು. ಗಣಿತವು ಬಲು ನಿರ್ದಯವಾದ ವಿದ್ಯೆ. ಅಲ್ಲಿ ಕುಲವು ನಡೆಯದು, ಶಿಫಾರಸು ನಡೆಯದು, ವಾಗ್ವೈಖರಿಯೂ ನಡೆಯದು. ಉತ್ತರವು ಸರಿ, ಇಲ್ಲವೇ ತಪ್ಪು. ಹಳ್ಳಿಯಿಂದ ಬಂದ ಕನ್ನಡದ ತರುಣನೊಬ್ಬನು ಲೋಕದ ಮೇಧಾವಿಗಳ ನಡುವೆ ಕುಳಿತು ಆ ಒರೆಗಲ್ಲಿನ ಮೇಲೆ ತನ್ನ ಚಿನ್ನವನ್ನು ಉಜ್ಜಿ ನೋಡಿದುದರಿಂದ ಅವನಿಗೆ ದೊರೆತ ಲಾಭವು ಬಿರುದಿಗಿಂತ ಹೆಚ್ಚಿನದು. ಮುಂದೆ ಯಾರ ಮುಂದೆಯೂ ಅಳುಕದೆ, ಯಾರ ಮುಂದೆಯೂ ಬೀಗದೆ ನಿಲ್ಲುವ ಸ್ಥೈರ್ಯವದು.

ಪಾವಟೆಯವರು ಕಾಶಿಯ ಹಿಂದೂ ವಿಶ್ವವಿದ್ಯಾಲಯದಲ್ಲಿ ಗಣಿತದ ಪ್ರಾಧ್ಯಾಪಕರಾದರು. ಬಳಿಕ ಮುಂಬಯಿ ಪ್ರಾಂತದ ವಿದ್ಯಾ ಇಲಾಖೆಯನ್ನು ಸೇರಿ ಅದರ ನಿರ್ದೇಶಕರ ಪದವಿಗೇರಿದರು. 1954ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾಗಿ 1967ರವರೆಗೆ ಅದನ್ನು ನಡೆಸಿದರು. 1949ರಲ್ಲಿ ಸ್ಥಾಪಿತವಾಗಿದ್ದ ಆ ವಿಶ್ವವಿದ್ಯಾಲಯವು ಆಗಿನ್ನೂ ಎಳೆಯದು. ಧಾರವಾಡದ ಬೋಳುಗುಡ್ಡದ ಮೇಲೆ ಕಟ್ಟಡಗಳೂ, ವಿಭಾಗಗಳೂ, ಗ್ರಂಥಭಂಡಾರವೂ ಬೆಳೆದುದು ಅವರ ಕಾಲದಲ್ಲಿ. ತಾನು ಕೇಂಬ್ರಿಜ್ಜಿನಲ್ಲಿ ಕಂಡುದನ್ನು ಧಾರವಾಡದ ಮಕ್ಕಳು ಧಾರವಾಡದಲ್ಲಿಯೇ ಕಾಣಲೆಂಬ ಹಂಬಲವಿಲ್ಲದೆ ಆ ಕೆಲಸವು ಆಗುವಂಥದಲ್ಲ. 1967ರಿಂದ 1973ರವರೆಗೆ ಅವರು ಪಂಜಾಬಿನ ರಾಜ್ಯಪಾಲರಾಗಿದ್ದುದನ್ನು ಜನರು ಹೆಚ್ಚಾಗಿ ಹೇಳುವರು. ಆದರೆ ಆ ಗುಡ್ಡದ ಮೇಲಣ ಹದಿಮೂರು ವರ್ಷಗಳೇ ತೂಕದವು.

ಎರಡನೆಯ ಹೆಸರು ಶಿ. ಚ. ನಂದೀಮಠರದು. ಅವರು ಲಂಡನ್ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಅವರು ಸಂಶೋಧನೆಗೆ ಕೈಗೊಂಡ ವಿಷಯವು ಯಾವುದೆಂದರೆ ಶೈವಾಗಮಗಳ ಸಿದ್ಧಾಂತ, ವೀರಶೈವದ ತತ್ತ್ವ! ಮನೆಯ ಜಗಲಿಯ ಮೇಲಿದ್ದುದನ್ನು ತಿಳಿಯಲು ಅಷ್ಟು ದೂರ ಹೋಗಬೇಕಾಗಿತ್ತೇ ಎಂದು ಯಾರಾದರೂ ನಗಬಹುದು. ಆ ನಗೆಯಲ್ಲಿ ಹುರುಳಿಲ್ಲ. ಮನೆಯಲ್ಲಿರುವವರೆಗೆ ಮನೆಯ ಆಚಾರವು ರೂಢಿಯಾಗಿರುವುದು. ಏಕೆ ಹೀಗೆಂದು ಕೇಳುವವರಿಲ್ಲದೆಡೆ ಉತ್ತರವನ್ನು ಹುಡುಕುವವರೂ ಇರರು. ಪರದೇಶದಲ್ಲಿ ಸಹಪಾಠಿಯೊಬ್ಬನು ಕೊರಳಲ್ಲಿ ಕಟ್ಟಿದ ಇದೇನೆಂದು ಸಹಜವಾಗಿ ಕೇಳಿದ ದಿನ ಅನೇಕ ತರುಣರು ಮೊದಲ ಸಾರಿ ತಮ್ಮ ಧರ್ಮವನ್ನು ತಾವೇ ಪ್ರಶ್ನಿಸಿಕೊಳ್ಳುವರು. ಕೆಲವರು ನಾಚಿ ಮುಚ್ಚಿಕೊಳ್ಳುವರು. ಕೆಲವರು ಪುಸ್ತಕವನ್ನು ತೆರೆಯುವರು. ನಂದೀಮಠರು ಎರಡನೆಯ ಬಗೆಯವರು. ಹಲವು ಮತಗಳನ್ನು ಒಂದೇ ಮೇಜಿನ ಮೇಲಿಟ್ಟು, ಆಧಾರವಿಲ್ಲದ ಮಾತನ್ನು ತನ್ನವರದಾದರೂ ಒಪ್ಪದೆ ಪರೀಕ್ಷಿಸುವ ಪದ್ಧತಿಯನ್ನು ಅವರು ಕಲಿತು ತಂದರು. 1942ರಲ್ಲಿ ಧಾರವಾಡದ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯಿಂದ ಪ್ರಕಟವಾದ ಅವರ ಇಂಗ್ಲಿಷ್ ಕೈಪಿಡಿಯಿಂದ ಎಷ್ಟೋ ಜನ ಹೊರಗಿನ ವಿದ್ವಾಂಸರು ವೀರಶೈವವನ್ನು ಅರಿತರು. ಬಾಗಲಕೋಟೆಯಲ್ಲಿ ಕಾಲೇಜಿನ ಪ್ರಾಚಾರ್ಯರಾಗಿ ಅವರು ಪಾಠ ಹೇಳಿದುದು ಹೊಲಗಳಿಂದ ಬಂದ ಮಕ್ಕಳಿಗೆ.

ಇವರಿಬ್ಬರ ದಾರಿಗಳು ಒಂದೆಡೆ ಕೂಡಿದವು. 1965ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಶೂನ್ಯಸಂಪಾದನೆಯ ಮೂಲವನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸತೊಡಗಿತು. ಮೊದಲ ಸಂಪುಟದ ಸಂಪಾದಕರು ನಂದೀಮಠರು, ಮೆನೆಜಿಸ್ ಮತ್ತು ಆರ್. ಸಿ. ಹಿರೇಮಠರು, ಕುಲಪತಿಗಳು ಪಾವಟೆಯವರು. ಐದು ಸಂಪುಟಗಳಲ್ಲಿ ಆ ಕಾರ್ಯವು ಪೂರ್ತಿಯಾಯಿತು. ಅಲ್ಲಮನ ಅನುಭವಮಂಟಪವನ್ನು ಲೋಕದ ಯಾವ ಮೂಲೆಯವನೂ ಓದಲು ಸಾಧ್ಯವಾಗುವಂತೆ ಮಾಡಿದ ಈ ಪ್ರಯತ್ನದ ಹಿಂದೆ ಕೇಂಬ್ರಿಜ್ಜಿನ ಗಣಿತವೂ ಲಂಡನ್ನಿನ ಸಂಶೋಧನೆಯೂ ಕ್ರೈಸ್ತ ವಿದ್ವಾಂಸರ ಇಂಗ್ಲಿಷೂ ಧಾರವಾಡದ ಕನ್ನಡವೂ ಸೇರಿದ್ದವು. ಒಬ್ಬ ವಿದ್ಯಾರ್ಥಿಯ ವ್ಯಾಸಂಗದ ಫಲವು ಕಣ್ಣಿಗೆ ಬೀಳಲು ಕೆಲವು ಸಾರಿ ಮೂವತ್ತು ನಾಲ್ವತ್ತು ವರ್ಷಗಳೇ ಬೇಕಾಗುವುವು.

ಇಷ್ಟು ಹೇಳಿದಮೇಲೆ ಇನ್ನೊಂದನ್ನು ಹೇಳದಿದ್ದರೆ ಅನ್ಯಾಯವಾದೀತು. ಫ. ಗು. ಹಳಕಟ್ಟಿಯವರು ಬಿಜಾಪುರದಲ್ಲಿ ವಕೀಲರಾಗಿದ್ದುಕೊಂಡೇ ಊರೂರಿನ ತಾಡವೋಲೆಗಳನ್ನು ಶೋಧಿಸಿ 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದರು; 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಯಾವ ವಿಲಾಯತಿ ಪದವಿಯೂ ಅವರಿಗಿರಲಿಲ್ಲ. ಅವರು ಕೂಡಿಸಿಡದಿದ್ದರೆ ಲಂಡನ್ನಿಗೆ ಹೋದವರು ಅಲ್ಲಿ ಏನನ್ನು ಕುರಿತು ಬರೆಯುತ್ತಿದ್ದರು? ಆದುದರಿಂದ ಪರದೇಶಕ್ಕೆ ಹೋಗದವನು ಕಡಿಮೆಯವನೆಂಬ ಭಾವನೆಯು ಯಾವ ಮನೆಯಲ್ಲಿಯೂ ಹುಟ್ಟಬಾರದು. ಅಣ್ಣನು ಹೊರನಾಡಿನಲ್ಲಿ ಓದುತ್ತಿರುವಾಗ ತೋಟವನ್ನು ನೋಡಿಕೊಂಡು ಹಣ ಕಳುಹಿಸುವ ತಮ್ಮನ ಪಾಲು ಆ ಪದವಿಯಲ್ಲಿ ಅರ್ಧದಷ್ಟಾದರೂ ಉಂಟು.

ಇನ್ನು ವೈಯಕ್ತಿಕವಾದ ಲಾಭಗಳು. ಅವು ದೊಡ್ಡ ಮಾತುಗಳಲ್ಲಿಲ್ಲ, ಸಣ್ಣ ಕೆಲಸಗಳಲ್ಲಿವೆ. ಇಲ್ಲಿ ತಟ್ಟೆಯನ್ನು ತೊಳೆದರಿಯದ ಹುಡುಗನು ಅಲ್ಲಿ ತನ್ನ ಅನ್ನವನ್ನು ತಾನೇ ಬೇಯಿಸಿಕೊಳ್ಳುವನು, ಬಟ್ಟೆಯನ್ನು ತಾನೇ ಒಗೆದುಕೊಳ್ಳುವನು, ಬಿಡುವಿನ ವೇಳೆಯಲ್ಲಿ ಉಪಾಹಾರಗೃಹದಲ್ಲಿ ಪಾತ್ರೆ ತೊಳೆದು ಗಂಟೆಗಿಷ್ಟೆಂದು ಕೂಲಿ ಪಡೆಯುವನು. ಊರಿನಲ್ಲಿ ಇದನ್ನು ಕೇಳಿದ ಅಜ್ಜಿಯು ಮರುಗುವಳು. ಮರುಗಬೇಕಾಗಿಲ್ಲ, ಯಾವ ಕಾಯಕವೂ ಕೀಳಲ್ಲವೆಂಬ ಶರಣರ ಮಾತನ್ನು ಊರಿನಲ್ಲಿ ಕೇಳಿದ್ದವನು ಅಲ್ಲಿ ಮಾಡಿ ತಿಳಿಯುವನು. ಲೆಕ್ಕವಿಟ್ಟು ವೆಚ್ಚಮಾಡುವುದು, ಹೇಳಿದ ಹೊತ್ತಿಗೆ ಹಾಜರಾಗುವುದು, ಗುರುವಿನ ಮಾತಿಗೂ ವಿನಯದಿಂದ ಎದುರುವಾದ ಮಾಡುವುದು, ತಿಳಿಯದುದನ್ನು ತಿಳಿಯದೆಂದು ಒಪ್ಪುವುದು, ಇವೆಲ್ಲ ಅಲ್ಲಿ ಬರುವುವು. ಚಳಿಗಾಲದ ಮಧ್ಯಾಹ್ನ ನಾಲ್ಕಕ್ಕೇ ಕತ್ತಲಾಗುವ ಊರಿನಲ್ಲಿ ಒಬ್ಬನೇ ಕೋಣೆಯಲ್ಲಿ ಕುಳಿತಾಗ ಬರುವ ಬೇಸರವನ್ನು ಗೆಲ್ಲುವುದೂ ಒಂದು ವಿದ್ಯೆ. ಎಲ್ಲರೂ ಗೆಲ್ಲಲಾರರು. ಅಂಥ ಸಮಯದಲ್ಲಿ ಬೆಳಗಿನ ಅರ್ಧಗಂಟೆಯ ಲಿಂಗಪೂಜೆಯು ಮನಸ್ಸಿಗೆ ಊರುಗೋಲಾಗುವುದು.

ವೃತ್ತಿಯಲ್ಲಿ ದೊರೆಯುವ ಲಾಭಕ್ಕೆ ಕೃಷಿಕರ ಈ ಸಭೆಯಲ್ಲಿ ತೋಟದ ಉದಾಹರಣೆಯೇ ಸಾಕು. ಮೈಲುತುತ್ತವನ್ನೂ ಸುಣ್ಣವನ್ನೂ ಬೆರೆಸಿ ಸಿಂಪಡಿಸುವ ಬೋರ್ಡೋ ದ್ರಾವಣವು ಫ್ರಾನ್ಸಿನ ದ್ರಾಕ್ಷಿತೋಟಗಳಲ್ಲಿ ಬೂಜುರೋಗಕ್ಕೆಂದು 1885ರ ಸುಮಾರಿಗೆ ಪ್ರಸಿದ್ಧಿಗೆ ಬಂದುದು. ಅದನ್ನು ಅಡಕೆಯ ಕೊಳೆರೋಗಕ್ಕೆ ಒಗ್ಗಿಸಿಕೊಟ್ಟವರು ಕೋಲ್ಮನ್ ಎಂಬ ಕೆನಡಾ ದೇಶದವರು. ಅವರು ಜರ್ಮನಿಯ ಗಟಿಂಗೆನ್ನಿನಲ್ಲಿ ಕಲಿತು 1908ರಲ್ಲಿ ಮೈಸೂರಿನ ಸೇವೆಗೆ ಬಂದಿದ್ದರು. ಒಬ್ಬನು ತನ್ನ ದೇಶವನ್ನು ಬಿಟ್ಟು ಇನ್ನೊಂದು ದೇಶದಲ್ಲಿ ಕಲಿತುದು ಮೂರನೆಯ ದೇಶದ ರೈತನ ಗೊನೆಯನ್ನು ಉಳಿಸಿತು. ಬಾಳೆಹೊನ್ನೂರಿನಲ್ಲಿ 1925ರಲ್ಲಿ ಕಾಫಿಯ ಪ್ರಯೋಗಕೇಂದ್ರವು ಹುಟ್ಟಿದುದೂ ಅವರ ಅಧಿಕಾರದ ಕಾಲದಲ್ಲಿಯೇ. ಕೊಡಗಿನ ಚೆಟ್ಟಳ್ಳಿಯ ಉಪಕೇಂದ್ರವು 1946ರಲ್ಲಿ ಬಂದಿತು. ಮಣ್ಣಿನ ಗುಣ, ಕಾಂಡಕೊರಕ ಹುಳುವಿನ ಜೀವನಕ್ರಮ, ಮಳೆಯ ಏರುಪೇರು, ಬೀಜವನ್ನು ಹುರಿದು ರುಚಿನೋಡಿ ದರ್ಜೆಕಟ್ಟುವ ಕಲೆ, ಮಾರುಕಟ್ಟೆಯ ಸೂಕ್ಷ್ಮ ಇವುಗಳನ್ನು ಹೊರಗೆ ಕಲಿತು ಬರುವ ತರುಣ ತರುಣಿಯರಿಗೆ ಈ ಬೆಟ್ಟಗಳಲ್ಲಿ ಕೆಲಸಕ್ಕೆ ಕೊರತೆಯಿಲ್ಲ. ವಿದೇಶ ವ್ಯಾಸಂಗವೆಂದರೆ ಯಂತ್ರಗಣಕದ ವಿದ್ಯೆಯೊಂದೇ ಎಂದು ತಿಳಿದಿರುವುದು ವಿಷಾದಕರ.

ನಷ್ಟದ ಪಕ್ಕವನ್ನು ಮುಚ್ಚಿಡುವಂತಿಲ್ಲ. ಹಾವೇರಿ ಜಿಲ್ಲೆಯ ಒಬ್ಬ ತರುಣನು ಇಲ್ಲಿಯ ವೈದ್ಯಕೀಯ ಕಾಲೇಜುಗಳ ವೆಚ್ಚವನ್ನು ಭರಿಸಲಾಗದ ಕಾರಣ ಯುಕ್ರೇನ್ ದೇಶಕ್ಕೆ ಓದಲು ಹೋಗಿದ್ದನು. 2022ನೆಯ ಮಾರ್ಚ್ 1ರಂದು ಖಾರ್ಕಿವ್ ನಗರದಲ್ಲಿ ಯುದ್ಧದ ಹೊಡೆತಕ್ಕೆ ಸಿಕ್ಕಿ ತೀರಿಕೊಂಡನು. ಸುಮಾರು ಮೂರು ವಾರಗಳ ಮೇಲೆ ದೇಹವು ಊರಿಗೆ ಬಂದಿತು. ತಂದೆತಾಯಿಗಳು ವೀರಶೈವ ವಿಧಿಯಂತೆ ಪೂಜೆಯನ್ನು ಮುಗಿಸಿ, ಮಣ್ಣಿಗಿಡದೆ, ದಾವಣಗೆರೆಯ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳ ಅಭ್ಯಾಸಕ್ಕೆಂದು ಆ ದೇಹವನ್ನು ಕೊಟ್ಟರು. ಮಗನು ವೈದ್ಯನಾಗಬೇಕೆಂದಿದ್ದನು. ಇದನ್ನು ಕುರಿತು ಹೆಚ್ಚಿನ ಮಾತು ಸಲ್ಲದು. ಇಷ್ಟು ಮಾತ್ರ ಹೇಳಬಹುದು: ಊರಿನಲ್ಲಿ ಬಾಗಿಲು ಮುಚ್ಚಿದೆಯೆಂದು ದೂರದ ಬಾಗಿಲನ್ನು ತಟ್ಟುವವರ ಸಂಖ್ಯೆಯು ಹೆಚ್ಚಿದಾಗ, ಊರಿನ ಬಾಗಿಲನ್ನು ಕುರಿತು ಸಮಾಜವೂ ಅದರ ವಿದ್ಯಾಸಂಸ್ಥೆಗಳೂ ವಿಚಾರಮಾಡಬೇಕಾಗಿದೆ.

ತೋಟದ ಪತ್ರವನ್ನು ಒತ್ತೆಯಿಡುವ ಮೊದಲು ಕೇಳಲೇಬೇಕಾದ ಪ್ರಶ್ನೆಗಳಿವೆ. ಆ ವಿಶ್ವವಿದ್ಯಾಲಯದ ಪದವಿಗೆ ಈ ದೇಶದಲ್ಲಿ ಮಾನ್ಯತೆಯುಂಟೇ? ವೈದ್ಯವಿದ್ಯೆಯಾದರೆ, ಹೊರಗೆ ಓದಿದವರು ಇಲ್ಲಿ ವೃತ್ತಿಮಾಡಲು 2002ರಿಂದ ನಡೆದುಬಂದಿರುವ ಅರ್ಹತಾ ಪರೀಕ್ಷೆಯನ್ನು ದಾಟಬೇಕೆಂಬುದು ಮಗುವಿಗೆ ತಿಳಿದಿದೆಯೇ? ಪ್ರವೇಶ ಕೊಡಿಸುವೆನೆಂದು ಬಂದ ದಲ್ಲಾಳಿಯ ಮಾತನ್ನು ಬಿಟ್ಟು, ಅಲ್ಲಿ ಈಗ ಓದುತ್ತಿರುವವರೊಬ್ಬರ ಮಾತನ್ನಾದರೂ ಕೇಳಿದ್ದಾಗಿದೆಯೇ? ಕಾಫಿಯ ಬೆಲೆಯು ಒಂದು ವರ್ಷ ಏರಿತೆಂದು ಹತ್ತು ವರ್ಷಗಳ ಸಾಲಕ್ಕೆ ಕೈಯೊಡ್ಡುವುದು ವಿವೇಕವೇ? ಹುಡುಗಿಯರ ವಿಷಯದಲ್ಲಿ ಬೇರೆಯೇ ಅಳತೆಗೋಲನ್ನು ಹಿಡಿಯುವವರಿಗೆ ಒಂದು ಮಾತು: ಗೌರಮ್ಮನಿಗೆ ಇಲ್ಲದುದು ಸ್ವಂತ ಇಚ್ಛೆ. ತಾನಾಗಿ ಕಲಿಯಲು ಬಯಸಿ ಹೊರಟ ಮಗಳನ್ನು ಅವಳ ಕಥೆಯಿಂದ ಹೆದರಿಸಿ ನಿಲ್ಲಿಸುವುದು ಆ ಕಥೆಯನ್ನು ತಪ್ಪಾಗಿ ಓದಿದಂತೆ.

ಹೋದವರು ಮರಳದೆ ನಿಂತರೆ? ಈ ಪ್ರಶ್ನೆಯೇ ತಾಯಂದಿರ ಎದೆಯಲ್ಲಿರುವುದು. ನಿಂತವರೆಲ್ಲರೂ ಕಳೆದುಹೋದವರಲ್ಲ. ಮೈಸೂರಿನಲ್ಲಿ ಹುಟ್ಟಿದ ಎ. ಕೆ. ರಾಮಾನುಜನ್ ಅವರು 1959ರಲ್ಲಿ ಅಮೆರಿಕಕ್ಕೆ ಹೋಗಿ, ಇಂಡಿಯಾನಾದಲ್ಲಿ ಡಾಕ್ಟರೇಟ್ ಪಡೆದು, ಚಿಕಾಗೋದಲ್ಲಿಯೇ ನೆಲೆಸಿ, 1993ರಲ್ಲಿ ಅಲ್ಲಿಯೇ ತೀರಿಕೊಂಡರು. ಅವರು ಬಸವಣ್ಣ, ದೇವರ ದಾಸಿಮಯ್ಯ, ಅಕ್ಕಮಹಾದೇವಿ, ಅಲ್ಲಮರ ವಚನಗಳನ್ನು ಇಂಗ್ಲಿಷಿಗೆ ತಂದ ಗ್ರಂಥವು 1973ರಲ್ಲಿ ಪ್ರಕಟವಾಗಿ ಲೋಕದ ಎಷ್ಟೋ ತರಗತಿಗಳಲ್ಲಿ ಪಾಠವಾಯಿತು. ಕಲಬುರಗಿಯ ಕಡೆಯಿಂದ ಹೋಗಿ ಲಂಡನ್ನಿನಲ್ಲಿ ವೈದ್ಯರಾಗಿ, ಲ್ಯಾಂಬೆತ್ ಎಂಬ ಭಾಗದ ಮೇಯರರೂ ಆದ ನೀರಜ್ ಪಾಟೀಲರ ಪ್ರಯತ್ನದಿಂದ ಥೇಮ್ಸ್ ನದಿಯ ದಡದಲ್ಲಿ ಬಸವಣ್ಣನವರ ಪ್ರತಿಮೆಯು 2015ನೆಯ ನವೆಂಬರಿನಲ್ಲಿ ಅನಾವರಣಗೊಂಡಿತು. ಚಿಕ್ಕವೀರರಾಜೇಂದ್ರನು ನ್ಯಾಯವನ್ನು ಹುಡುಕಿಕೊಂಡು ಹೋಗಿ ತೀರಿಕೊಂಡ ನಗರವದು.

ಹಾಗೆಂದರೂ ಮುಪ್ಪಿನ ತಾಯಿಗೆ ಪ್ರತಿಮೆಯಿಂದ ಸಮಾಧಾನವಾಗದು. ಮಳೆಗಾಲದಲ್ಲಿ ವಿದ್ಯುತ್ತು ಹೋದ ಮನೆಯಲ್ಲಿ ಇಬ್ಬರೇ ಮುದುಕರು ಮಗನ ದೂರವಾಣಿಯ ಕರೆಗೆ ಕಾದಿರುವ ದೃಶ್ಯವು ಈ ಸೀಮೆಯಲ್ಲಿ ಅಪೂರ್ವವಾಗಿ ಉಳಿದಿಲ್ಲ. ಇದಕ್ಕೆ ಕಾನೂನಿನಿಂದ ಪರಿಹಾರವಿಲ್ಲ. ಹೊರಡುವ ಮೊದಲೇ ತಂದೆ ಮಕ್ಕಳು ಕುಳಿತು ಎಷ್ಟು ವರ್ಷ, ಯಾವಾಗ ಬರುವುದು, ತೋಟವನ್ನು ಯಾರು ನೋಡುವುದು ಎಂಬುದನ್ನು ಬಿಚ್ಚಿ ಮಾತನಾಡಿಕೊಳ್ಳುವ ಮನೆಗಳಲ್ಲಿ ದುಃಖವು ಕಡಿಮೆ. ಸಂಕೋಚದಿಂದ ಮಾತನ್ನು ನುಂಗಿದ ಮನೆಗಳಲ್ಲಿ ಹೆಚ್ಚು.

ಸಾಲದ ವಿಷಯದಲ್ಲಿ ಮಠಗಳಿಂದಲೂ ಸಿರಿವಂತ ಭಕ್ತರಿಂದಲೂ ಆಗಬೇಕಾದುದು ಬಹಳವಿದೆ. ಸಿರಸಂಗಿಯ ದೇಸಾಯಿಯವರು ತೋರಿದ ದಾರಿಯು ಹಳತಾಗಿಲ್ಲ. ಮಹೋತ್ಸವದ ನೆನಪಿಗೆ ಕಮಾನುಗಳನ್ನು ಕಟ್ಟುವ ಬದಲು ಒಂದು ಸಣ್ಣ ವಿದ್ಯಾನಿಧಿಯನ್ನು ಕಟ್ಟಿ, ಅದರಿಂದ ವರ್ಷಕ್ಕೊಬ್ಬ ಬಡ ವಿದ್ಯಾರ್ಥಿಗೆ ಬಡ್ಡಿಯಿಲ್ಲದ ಸಾಲ ಕೊಟ್ಟು, ಅವನು ಸಂಪಾದನೆಗೆ ತೊಡಗಿದ ಮೇಲೆ ಅದೇ ಮೊತ್ತವನ್ನು ಮುಂದಿನವನಿಗಾ‌ಗಿ ತುಂಬಿಸಿಕೊಳ್ಳುವುದು ಕಷ್ಟಸಾಧ್ಯವೇನಲ್ಲ. ಪಡೆದವನು ದಾತನಿಗೆ ಋಣಿಯಾಗಿ ತಲೆಬಾಗಬೇಕಾಗಿಲ್ಲ. ತನ್ನ ಹಿಂದೆ ನಿಂತಿರುವ ಹುಡುಗನಿಗೋ ಹುಡುಗಿಗೋ ದಾರಿಬಿಟ್ಟರೆ ಆಯಿತು. ಪಾವಟೆಯವರು 1979ರಲ್ಲಿ ತೀರಿಕೊಂಡರು. ಅವರ ಹೆಸರಿನಲ್ಲಿ ಆಮೇಲೆ ಸ್ಥಾಪಿತವಾದ ಫೆಲೋಶಿಪ್ಪು ಕರ್ನಾಟಕದ ತರುಣ ತರುಣಿಯರನ್ನು, ಮಮದಾಪುರದ ಹುಡುಗನು ಹೋಗಿದ್ದ ಅದೇ ಕೇಂಬ್ರಿಜ್ಜಿಗೆ, ಓದಲು ಕಳುಹಿಸತೊಡಗಿತು.